ತೊಗಲುಮೊಟ್ಟೆ

ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ
ಬೆಚ್ಚಗೆ, ಮೆತ್ತಗೆ,
ಚಿಪ್ಪೇ ಇಲ್ಲದ್ದೊಂದು ಬೆರಳಲ್ಲಿ ಜಾರಿತು.
ಬೆಳಕಿಗೆ ಹಿಡಿದೆ. ಒಳಗಿನ ಹಳದಿ ಅಲುಗಿತು.

ಯಾರದೋ ಕಣ್ಣು, ಎಂದಳು ಪಕ್ಕದ ಮನೆಯ ಸಿದ್ದಾಜಮ್ಮ.
ಕಿರುಗಾವಲಿನ ಸಂತೆಯಲ್ಲಿ ಮೊಟ್ಟೆ ಮಾರುವ ಮುಮ್ತಾಜಕ್ಕ ನಕ್ಕಳು:
"ತಿನ್ನೋಕೆ ಏನು ಹಾಕ್ತೀಯ?"
"ನುಚ್ಚಕ್ಕಿ. ಮೂರು ಹೊತ್ತೂ."
"ಬರೀ ಅನ್ನದಲ್ಲಿ ಗೋಡೆ ಏಳ್ತದಾ?"

ನಾಲೆಯ ನೀರು ನಿಲ್ಲಿಸಿದ ದಿನ
ಕೆಸರಲ್ಲಿ ಹೆಕ್ಕಿದ ಬಸವನಹುಳದ ಚಿಪ್ಪು
ಒರಳಿಗೆ ಸುರಿದು ಕುಟ್ಟಿದೆ.
ಹಿಟ್ಟಾಗಬಾರದು, ರಾಗಿಗಿಂತ ದಪ್ಪ ಇರಬೇಕು.
ಸಂಜೆಗೇ ಹಾಕು, ಅಂದಿದ್ದಳು,
ಚಿಪ್ಪು ಕಟ್ಟೋದು ರಾತ್ರಿ ಪಾಳಿ.

ಸಿಗದೇ ಹೋದರೆ?
"ತನ್ನ ಮೂಳೆಯಿಂದಲೇ ಕಿತ್ತು ಕೊಡ್ತದೆ ಕಣೇ.
ಇಡೋದು ಮಾತ್ರ ತಕ್ಷಣ ನಿಲ್ಲಿಸಲ್ಲ."

ನನ್ನ ನಾಲಿಗೆ ತಾನಾಗಿ
ಎಡದವಡೆಯ ಖಾಲಿ ಜಾಗಕ್ಕೆ ಹೋಯಿತು.
ಮೊದಲ ಹೆರಿಗೆಗೊಂದು ಹಲ್ಲು,
ಎರಡನೆಯದಕ್ಕೆ ಎರಡು.

ಹನ್ನೊಂದನೇ ದಿನ
ನಮ್ಮ ಕ್ಯಾತೆ, ಯಾರನ್ನೂ ಹತ್ತಿರ ಬಿಡದ ಆ ಕೆಂದುಹೇಂಟೆ,
ಇಟ್ಟದ್ದನ್ನು ಉಗುರಲ್ಲಿ ತಟ್ಟಿದೆ.
ಟಕ್ ಅಂತು.

ಮಗಳು ಸಂತೆಬುಟ್ಟಿ ತಂದಳು.
ಬೇಡ, ಇದನ್ನ ಬೇಯಿಸು ಅಂದೆ.
ಅರ್ಧ ನನಗಿರಲಿ.
ಚಿಪ್ಪು ಎಸೀಬೇಡ.