ಬಿಳಿ ಕುಪ್ಯದ ಲೆಕ್ಕ

ವಿರಾಜಪೇಟೆಯಲ್ಲಿ, ಮೋಟಾರು ವೈಂಡಿಂಗ್ ಅಂಗಡಿಯ ಮಾಳಿಗೆಯಲ್ಲಿ
ನನ್ನ ಕೋಣೆ. ಕಿಟಕಿಗೆ ಕಪ್ಪು ರಗ್ಗು ಜಡಿದಿದ್ದೇನೆ,
ಹೊರಗಿನ ಬೆಳಕು ಒಳಗಿನದಕ್ಕೆ ಸುಳ್ಳು ಹೇಳಿಕೊಡಬಾರದೆಂದು.
ಕೆಳಗೆ ಅವರು ತಾಮ್ರದ ತಂತಿ ಸುತ್ತುತ್ತಾರೆ,
ಮೇಲೆ ನಾನು ಮದುವೆ ಸುತ್ತುತ್ತೇನೆ.

ಈ ಸಲ ಪ್ರಜ್ಞಾ ಚೋಂದಮ್ಮನದು.
ಮುನ್ನೂರ ಹನ್ನೆರಡು ತುಣುಕು,
ಮೂರು ಕ್ಯಾಮೆರಾ, ಮೂರು ಬಗೆಯ ಬಿಳುಪು.
ನನ್ನದರಲ್ಲಿ ಮದುಮಗನ ಕುಪ್ಯ ಅನ್ನದ ಬಿಳಿ.
ಶಾಫಿಯದರಲ್ಲಿ ಅದೇ ಕುಪ್ಯ, ಟ್ಯೂಬ್‌ಲೈಟಿನ ಕೆಳಗೆ,
ನೀಲಿ ಹೆಚ್ಚಾದ ಶಾಲೆಯ ಅಂಗಿ.
ಕುಶಾಲನಗರದಿಂದ ಡ್ರೋನ್ ತಂದ ಹುಡುಗನದರಲ್ಲಿ
ಎಲೆಯಡಿಕೆ ಹಾಕುವವರ ಹಲ್ಲು.
ಒಂದು ಕಟ್ ದಾಟಿದರೆ ಬೇರೆ ಗಂಡ!

ಹಾಗಾಗಿ ಕುಪ್ಯದಿಂದಲೇ ಶುರು.
ಎದೆಯ ಮೇಲೊಂದು ಚುಕ್ಕೆ ಹಿಡಿದು ಯಂತ್ರಕ್ಕೆ ಹೇಳುತ್ತೇನೆ:
ಇದು ಬಿಳಿ. ಇದನ್ನು ನಂಬು.
ಬಿಳಿ ಕೂತರೆ ಚೇಲೆಯ ಕೆಂಪು ತಾನಾಗಿ ಕೂರುತ್ತದೆ,
ಪೀಚೆಕತ್ತಿಯ ಬೆಳ್ಳಿ ತಣ್ಣಗಾಗುತ್ತದೆ,
ಅಜ್ಜಿಯರ ಕೆನ್ನೆಗೆ ರಕ್ತ ಬರುತ್ತದೆ.
ಆಮೇಲೆ ಎಲ್ಲದರ ನೆತ್ತಿಗೂ ಒಂದು ಪದರ:
ತುಸು ಜೇನು, ತುಸು ಹೊಗೆ, ಮೂಲೆಗಳಲ್ಲಿ ನೆರಳು.
ಒಮ್ಮೆ ನಕಲು, ಮುನ್ನೂರು ಸಲ ಅಂಟು.
ಪಂಕ್ತಿಯಲ್ಲಿ ಉಪ್ಪು ಬಡಿಸಿದ ಹಾಗೆ,
ಯಾರ ಎಲೆಗೂ ಹೆಚ್ಚಿಲ್ಲ, ಯಾರ ಎಲೆಗೂ ತಪ್ಪಿಲ್ಲ.

ಶಾಫಿಗೆ ಆಸೆ ಜಾಸ್ತಿ.
ಬಾಳೆ ಕಡಿಯುವಲ್ಲಿ ಮಿಂಚು ಹೊಡೆಸೋಣ ಅಣ್ಣ,
ಅಕ್ಕಿ ಹಾಕುವಾಗ ನಕ್ಷತ್ರ ಉದುರಲಿ.
ಬೇಡ ಮಾರಾಯ.
ಮಾತಿಗೊಂದು ದನಿ ಬದಲಿಸುವವನಿಗೆ
ಯಾರೂ ಸಾಲ ಕೊಡುವುದಿಲ್ಲ.

ಗಂಗಾಪೂಜೆಯ ಬಗ್ಗೆ ನನಗೆ ಹೆಮ್ಮೆಯಿತ್ತು.
ತಲೆಯ ಮೇಲೆ ಕೊಡ ಹೊತ್ತು ಅವಳು ಬಾವಿಯಿಂದ ಹೊರಟಾಗ
ಸಂಜೆ ನಾಲ್ಕೂವರೆ, ಕಣದ ತುಂಬ ಬಿಸಿಲು.
ಗಂಡಿನ ಕಡೆಯವರು ಎದುರು ನಿಂತು ಕುಣಿದರು, ದಾರಿ ಬಿಡಲಿಲ್ಲ.
ಒಂದು ಹೆಜ್ಜೆ, ಮತ್ತೆ ವಾಲಗ,
ಅರ್ಧ ಹೆಜ್ಜೆ, ಮತ್ತೆ ವಾಲಗ.
ಮಂಜು ಇಳಿಯಿತು. ಯಾರೋ ಹ್ಯಾಲೊಜೆನ್ ಹಚ್ಚಿದರು.
ಕರೆಂಟು ಹೋಯಿತು. ಜೀಪಿನ ಹೆಡ್‌ಲೈಟು ಬಂತು.
ಹೊಸ್ತಿಲು ಮುಟ್ಟುವಾಗ ಏಳು ದಾಟಿತ್ತು.

ಇಷ್ಟನ್ನೂ ಎರಡು ರಾತ್ರಿ ಕೂತು
ಒಂದೇ ಬಿಸಿಲು ಮಾಡಿದೆ.
ನಾಲ್ಕೂವರೆಗೆ ಹೊರಟಳು, ನಾಲ್ಕೂವರೆಗೆ ತಲುಪಿದಳು.
ಎಲ್ಲೂ ಹೊಲಿಗೆ ಕಾಣದು.

ಚೋಂದಮ್ಮ ಬಂದು ನೋಡಿದಳು.
ಊಟದ ಭಾಗಕ್ಕೆ ನಕ್ಕಳು, ಮಾವನ ಕುಣಿತಕ್ಕೆ ಇನ್ನೂ ಜೋರಾಗಿ.
ಗಂಗಾಪೂಜೆ ಮುಗಿದ ಮೇಲೆ
ಕತ್ತಿನ ಹಿಂಭಾಗ ಒತ್ತಿಕೊಂಡು ಕೇಳಿದಳು:
ಕತ್ತಲು ಎಲ್ಲಿ ಹೋಯಿತು?
ನಾನು ಕತ್ತಲಾಗುವ ತನಕ ಹೊತ್ತಿದ್ದೆ.

ಗ್ರಾಫಿನ ಗೆರೆಗಳೆಲ್ಲ ನನ್ನ ಪರವೇ ಇದ್ದವು.
ನಾನು ಕಾಫಿ ತರಿಸಿದೆ.

ಈಗ ಹನ್ನೊಂದು ಗಂಟೆ, ಕೆಳಗೆ ಷಟರ್ ಬಿದ್ದಿದೆ.
ಪದರವನ್ನು ಹೊತ್ತಿನ ಜೊತೆಗೇ ಸುಲಿಯುತ್ತಿದ್ದೇನೆ:
ಬಾವಿಯ ಬಳಿ ಪೂರ್ತಿ, ಮಂಜಿನಲ್ಲಿ ಅರ್ಧ,
ಜೀಪಿನೆದುರು ಇಲ್ಲವೇ ಇಲ್ಲ.
ಇಲ್ಲಿ ಹಿಡಿಯಲು ಬಿಳಿಯೂ ಇಲ್ಲ,
ಮದುಮಗ ಚೌಕಟ್ಟಿನಾಚೆ, ಕುಣಿಯುವವರದೆಲ್ಲ ಕರಿ ಕುಪ್ಯ.
ಸಿಕ್ಕಿದ್ದು ಕೊಡದ ಕಂಠದ ಒಂದು ಗೆರೆ.
ಬಿಸಿಲಲ್ಲಿ ಹಿತ್ತಾಳೆ, ಮಂಜಲ್ಲಿ ಬೂದಿ,
ಆಮೇಲೆ ಬರೀ ಗೆರೆ.
ಬಣ್ಣ ಬದಲಾಗಲಿ, ಅದು ಅದೇ ಕೊಡ ಎಂದು
ಕಣ್ಣಿಗೆ ತಿಳಿದರೆ ಸಾಕು.

ಶಾಫಿ ಆಕಳಿಸುತ್ತ ಕೇಳಿದ:
ಕರೆಂಟು ಹೋದ ಮೂರು ಸೆಕೆಂಡು ಏನೂ ಕಾಣಲ್ಲ ಅಣ್ಣ,
ಕತ್ತರಿಸಲಾ?

ಬಿಡು.
ಆಗಲೂ ಕೊಡ ತಲೆಯ ಮೇಲೇ ಇತ್ತು.