ಕಿಟಕಿಗೆ ಕಂಡಷ್ಟು

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚಿದರು.
ಚರ್ಚು ಬಿಡುವ ಹೊತ್ತು. ಕೋಟು ತೊಡುತ್ತಿದ್ದವರ ಜೇಬಿನಲ್ಲಿ
ಫೋನುಗಳು ಒಟ್ಟಿಗೇ ನಡುಗಿದವು.
ಎರಡು ಸಾಲು. ಸಹಿಯಿಲ್ಲ.

ಯಾಕೆ ಮುಳುಗಿತು ಮಾರ್ಲಿಸ್, ನೀನು ಒಳಗಿದ್ದವಳಲ್ಲವೆ,
ಎಂದು ಕೇಳುತ್ತಾರೆ ಫಾರ್ಗೊದ ದಿನಸಿ ಅಂಗಡಿಯಲ್ಲಿ,
ಹಲ್ಲಿನ ಡಾಕ್ಟರು ಕೂಡ, ನನ್ನ ಬಾಯಿ ತೆರೆದಿರುವಾಗ.
ಇಪ್ಪತ್ತಾರು ವರ್ಷ ರಾತ್ರಿ ಪಾಳಿಯಲ್ಲಿ ಕೂತು
ಲಾರಿಗಳನ್ನು ದಾರಿಗೆ ಹಚ್ಚಿದವಳು ನಾನು, ನಿಜ.
ಒಳಗಿದ್ದವರಿಗೆ ಮನೆ ಬೀಳುವುದು ಕಾಣುವುದಿಲ್ಲ.
ಮೊದಲು ಬಾಗಿಲು ಬಿಗಿಯಾಗುತ್ತದೆ, ಅಷ್ಟೆ.

ಮುದುಕ ಓರ್ವಿಲ್ ಸ್ಕಾರ್‌ಸ್ಟಾಡ್‌ನದು ಒಂದು ನೇಮ:
ಆಫೀಸಿನ ಕಿಟಕಿಯಿಂದ ಎಣಿಸಲಾಗುವಷ್ಟೇ ಲಾರಿ.
ಮೂವತ್ತೊಂದರಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಮಾರಿ
ಸಕ್ಕರೆ ಬೀಟು ಹೊರಲು ಒಂದು ಗಾಡಿ ತಂದವನು.
ಗಾಡಿ ಹೆಚ್ಚಿಸಬೇಕೆನಿಸಿದಾಗ
ಮೊದಲು ಕಿಟಕಿ ಅಗಲ ಮಾಡಿಸಿದ, ಮೂರು ಸಲ,
ಬಡಗಿಗೆ ಕೊಡಲು ಕಾಸಿದ್ದ ವರ್ಷ ಮಾತ್ರ.
ಕಾಲು ಚಾಚುವ ಮುಂಚೆ ಹಾಸಿಗೆ ಹೊಲಿಸುವ ಜಾತಿ.

ಮಗ, ಬಿಸಿಲೆಂದು, ಕಿಟಕಿಗೆ ಪರದೆ ಹಾಕಿಸಿದ.
ಮೊಮ್ಮಗನಿಗೆ ಮೇಜಿನ ಮೇಲಿನ ಪರದೆಯೇ ಕಿಟಕಿ.
ಆಮೇಲೆ ಮಾರಿದರು. ಕೊಂಡವರ ಹೆಸರು
ನಮ್ಮ ಬಾಯಿಗೆ ಕೊನೆಯವರೆಗೂ ಕೂರಲಿಲ್ಲ.

ಸಾಲ ತಂದು ನಮ್ಮ ಎದುರಾಳಿಯನ್ನು ಕೊಂಡರು.
ಆ ಸಾಲ ತೀರಿಸಲು ಇನ್ನೊಬ್ಬ ಎದುರಾಳಿಯನ್ನು.
ಒಂದೇ ಬಣ್ಣ ಬಳಿಸಲು ದುಡ್ಡು ಉಳಿಯಲಿಲ್ಲ.
ಮೂರು ಬಣ್ಣದ ಮೂರು ಲಾರಿ
ಒಂದೇ ದಿನ ಬಿಸ್ಮಾರ್ಕಿನ ಒಂದೇ ಬೀದಿಗೆ:
ಒಂದರಲ್ಲಿ ಎರಡು ಪೆಟ್ಟಿಗೆ ಬಣ್ಣದ ಡಬ್ಬ,
ಒಂದರಲ್ಲಿ ಯಾರದೋ ಸೋಫಾ,
ಒಂದರಲ್ಲಿ ಬರೀ ಡ್ರೈವರನ ಸಿಟ್ಟು.
ಫೋನು ಮಾಡಿ ಹೇಳಿದೆ. ಹೊಸ ಸಾಫ್ಟ್‌ವೇರು
ಏಪ್ರಿಲ್ ಹೊತ್ತಿಗೆ ಸರಿಹೋಗುತ್ತದೆ ಅಂದರು.
ಯಾವ ಏಪ್ರಿಲ್ ಎಂದು ಹೇಳಲಿಲ್ಲ.

ಹಿಂದೊಮ್ಮೆ, ಕಂಪನಿ ಉಳಿಯಲಿ ಎಂದು
ಕೂಲಿಯಲ್ಲಿ ನೂರಕ್ಕೆ ಹತ್ತು ಬಿಡಲು
ಮೊದಲು ಕೈ ಎತ್ತಿದವನು ಯೂನಿಯನ್ನಿನ ವೆಂಡೆಲ್ ಬ್ರೆಕ್ಕೆ.
ಈ ಬೇಸಿಗೆ ಪಿಂಚಣಿಯ ಕಂತು
ಎರಡು ತಿಂಗಳಿಂದ ಕಟ್ಟಿಲ್ಲವೆಂದು ತಿಳಿದಾಗ
ಅದೇ ಕೈಯನ್ನು ಮೇಜಿನ ಮೇಲೆ ಊರಿದ.
ಮುಷ್ಕರದ ನೋಟೀಸು ಬಾಗಿಲಿಗೆ ಬೀಳುವ ಮುಂಚೆಯೇ
ಗಿರಾಕಿಗಳು, ಕಲ್ಲು ಬಿದ್ದ ಮರದ ಹಕ್ಕಿಗಳು.
ಮೇಲಿನವರು ಟೀವಿಯಲ್ಲಿ ಹೇಳಿದರು: ಕಾರ್ಮಿಕರೇ ಕಾರಣ.
ಅವರ ವರ್ಷದ ಬೋನಸ್ಸು ಜೂನಿನಲ್ಲೇ ಸಂದಿತ್ತು.
ನಾನೂ ಒಮ್ಮೆ ಅಂದುಬಿಟ್ಟೆ, ಇನ್ನೆರಡು ವಾರ ತಾಳಬಾರದಿತ್ತೆ ಎಂದು,
ವೆಂಡೆಲ್ ಹಿಂದೆಯೇ ನಿಂತಿದ್ದ.
ಈಗ ಅವನ ಕಾರು ಕಂಡರೆ ಬೇರೆ ಬೀದಿ ಹಿಡಿಯುತ್ತೇನೆ.

ಆ ಭಾನುವಾರ ಸಂಜೆ ಮನೆಗೆ ಫೋನು.
ಅಬ್ದಿರಿಸಾಕ್, ವಯೋಮಿಂಗಿನ ಜಿಲೆಟ್ ಊರಿಂದ:
ಡೀಸೆಲ್ ಕಾರ್ಡನ್ನು ಪಂಪು ಒಲ್ಲೆನ್ನುತ್ತಿದೆ, ಮಾರ್ಲಿಸ್.
ಏನಿದೆ ಹಿಂದೆ?
ಶಾಲೆಯ ಕುರ್ಚಿ, ನಾನೂರು. ಮೈಲ್ಸ್ ಸಿಟಿಗೆ.
ಏನು ಮಾಡಲಿ?
ಹೇಳುವ ಅಧಿಕಾರ ಆರು ಗಂಟೆ ಹಿಂದೆಯೇ ಹೋಗಿತ್ತು.
ಒಲೆಯ ಮೇಲೆ ಆಲೂಗಡ್ಡೆ ಕುದಿಯುತ್ತಿತ್ತು.
ಇಳಿಸಿ ಬಾ, ಅಂದೆ.
ಇಳಿಸಿ ಬಂದ, ಸ್ವಂತ ದುಡ್ಡಲ್ಲಿ.
ನ್ಯಾಯಾಲಯದ ಪಟ್ಟಿಯಲ್ಲಿ, ಬ್ಯಾಂಕುಗಳೆಲ್ಲ ಆದಮೇಲೆ,
ಅವನ ಹೆಸರು ನಾಲ್ಕು ಸಾವಿರದ ನೂರ ಹದಿನೆಂಟನೆಯದು.

ಹರಾಜಿಗೆ ಮುಂಚೆ ನನ್ನ ಕಪ್ಪು, ಸ್ವೆಟರು ತರಲು ಹೋದೆ.
ಮೂರೂ ಬಣ್ಣದ ಲಾರಿಗಳನ್ನು
ಎಲ್ಲೆಲ್ಲಿಂದಲೋ ಎಳೆತಂದು ಅಂಗಳದಲ್ಲಿ ನಿಲ್ಲಿಸಿದ್ದರು.
ಮೇಲೆ ಹತ್ತಿ ಪರದೆ ಸರಿಸಿದೆ. ಧೂಳು ಬಿತ್ತು.
ಎಣಿಸತೊಡಗಿದೆ, ತುಟಿ ಆಡಿಸುತ್ತ, ಮುದುಕನ ಹಾಗೆ.
ಇನ್ನೂರ ಹನ್ನೊಂದಕ್ಕೆ ಕಿಟಕಿ ಮುಗಿಯಿತು.
ಅದರಾಚೆಗೂ ಇದ್ದವು.

ಅಬ್ದಿರಿಸಾಕನದು ಎರಡನೇ ಸಾಲಿನಲ್ಲಿತ್ತು.
ಟ್ಯಾಂಕಿನ ತಳದಲ್ಲಿ
ಅವನ ಡೀಸೆಲ್ಲು ಇನ್ನೂ ಸ್ವಲ್ಪ ಇದ್ದಿರಬೇಕು.