ನೋಡತಕ್ಕ ಸ್ಥಳಗಳು

ಗದಗ ಬಸ್‌ಸ್ಟ್ಯಾಂಡಿನ ಎದುರು ಎಂಟಕ್ಕ ನಾಕು ಫೂಟಿನ ತಗಡು.
ನೀಲಿ ಎರಡು ಕೋಟು ಬಳದು, ಒಣಗಿಸಿ,
ಚೀಟಿ ನೋಡಿ ಬಿಳಿ ಅಕ್ಷರ ಬರಿಯೂದು ನನ್ನ ಕೆಲಸ.
ಆಫೀಸಿನ ಚೀಟಿ. ಸಹಿ ಐತಿ, ಸಿಕ್ಕಾ ಐತಿ.

ವೀರನಾರಾಯಣ ಅಂದ್ರ ಒಂದೂ ಒತ್ತಿಲ್ಲ,
ಇಳಿಜಾರಿನ್ಯಾಗ ಸೈಕಲ್ ಬಿಟ್ಟಂಗ ಕುಂಚ ಓಡತೈತಿ.
ತ್ರಿಕೂಟೇಶ್ವರಕ್ಕ ಬಂದ್ರ ಏಣಿ ಮ್ಯಾಲ ಕಾಲು ನಡಗತಾವು:
ಹೆಸರಾಗ ಮೂರು ಶಿಖರ ಅದಾವಂತ,
ನನಗ ಸಿಕ್ಕಾವು ಎರಡ ಒತ್ತು.

ಭೀಷ್ಮ ಕೆರೆ ಬರಿಯೂವಾಗ ಈಗೂ ಕೈ ತಡೀತೈತಿ.
ಭ ದ ಕೆಳಗಿನ ಸೀಳು ಒಮ್ಮೆ ಮರತಿದ್ದೆ.
ಮಾಸ್ತರೊಬ್ಬರು ಸೈಕಲ್ ಇಳದು ಛತ್ರಿ ತುದೀಲೆ ತೋರಿಸಿ
"ಮಹಾಪ್ರಾಣಾನ ತಗದೀಯಲ್ಲೋ ದಾವಲಸಾಬ" ಅಂದ್ರು.
ಕೆರ್ಯಾಗ ನೀರು ಇದ್ದಷ್ಟ ಇತ್ತು, ನಾನು ಹೋಗಿ ನೋಡಿ ಬಂದೆ.

ಲಕ್ಕುಂಡಿ, ಹನ್ನೆರಡು ಕಿ.ಮೀ.
ನಲವತ್ತೊಂದು ಸಲ ಬರದೀನಿ, ಒಮ್ಮೆನೂ ಹೋಗಿಲ್ಲ.
ಕಲ್ಲಿನ ಬಾವಿ ಅದಾವಂತ ಅಲ್ಲಿ, ಮೆಟ್ಟಲಾ ಮೆಟ್ಟಲಾ ಇಳಿಯೂವಂಥವು.
ನನ್ನ ಲಕ್ಕುಂಡಿಗೂ ಒಂದು ಮೆಟ್ಟಲಾ ಐತಿ, ಕ ದ ಕೆಳಗ ಕ.
ಅಷ್ಟು ಇಳದು,
ಸೊನ್ನಿಯೊಳಗ ಬಗ್ಗಿ ನೀರು ನೋಡಿ,
ಡಿ ಹಿಡದು ಮ್ಯಾಲ ಬರ್ತೀನಿ.

ಬಿಂಕದಕಟ್ಟಿಗಿ ಹುಲಿ ಮುಖಾ ಬರೀಲೇನು ಅಂತ ಕೇಳಿದ್ದೆ.
ಬ್ಯಾಡ, ಬರೇ ಹೆಸರು ಸಾಕು, ಹುಲಿಗಿ ರೇಟು ಬ್ಯಾರೆ ಆಗತೈತಿ ಅಂದ್ರು.

ಕಡೀಕ ಕಪ್ಪತಗುಡ್ಡ.
ಕಾಲಿಗಿ ಎರಡು ಕಲ್ಲು ಕಟ್ಟಿದಂಗ ಪ್ಪ, ಡ್ಡ.
ಕಿಲೋಮೀಟರ್ ಜಾಗಾ ಚೀಟ್ಯಾಗ ಖಾಲಿ ಇತ್ತು.
ಫೋನ್ ಹಚ್ಚಿದೆ: ಯಾವ ತುದಿಗೆ ಅಳೀಲಿ ಸಾಹೇಬ್ರ?
ಡೋಣಿ ಕಡೀಕೋ, ಡಂಬಳದ ಕಡೀಕೋ?
ಗಾಳಿಪಂಕದ ಬುಡಕೋ, ಹುಲ್ಲು ಸುರುವಾಗೋ ಕಡೆಗೋ?
ಮಳಿ ಬಿದ್ದ ಮರುದಿನ ಅದು ನಮ್ಮ ಮಾಳಗೀ ಹತ್ರನ ಬಂದು ನಿಂತಿರತೈತಿ,
ಬ್ಯಾಸಿಗ್ಯಾಗ ಧೂಳಿನ ಹಿಂದ ಸರದು, ಇಲ್ಲೇ ಇಲ್ಲ ಅಂತೈತಿ.
"ಯಾವುದರ ಒಂದು ನಂಬರ್ ಹಾಕೋ ಮಾರಾಯಾ,"
ಅವರು ಊಟಕ್ಕ ಎದ್ದಿದ್ರು, ಡಬ್ಬಿ ಸಪ್ಪಳ ಕೇಳಿಸ್ತು.
ನಂಬರ್ ಹಾಕಲಿಲ್ಲ ನಾನು.

ಅಷ್ಟರಾಗ ರೋಣದ ಬಸ್ಸು ಬಂತು.
ಇಳದಾಕಿ ಒಬ್ಬಾಕಿ ಹಿರೇಮನಿಷ್ಯಾಳು,
ಹಿಂದ ಸೊಸಿ, ಎರಡೂ ಕೈ ನಡಕ್ಕ ಕೊಟ್ಟು ನಿಂತಿದ್ಲು.
"ಯಪ್ಪಾ, ಓದಾಕ ಬರಂಗಿಲ್ಲ ನನಗ.
ಇದರಾಗ ಹೆರಿಗಿ ದವಾಖಾನಿ ಯಾವುದು?"
ಆರೂ ಹೆಸರು ತಿರುಗಿ ನೋಡಿದೆ,
ನಾನ ಬರದಾವು, ಆದ್ರೂ ನೋಡಿದೆ.
ಕುಂಚ ಚಾಚಿ ದಾರಿ ತೋರಿಸಿದೆ, ಹಿಂಗ ಹೋಗಿ ಹಂಗ ಹೊಳ್ಳ್ರಿ ಅಂತ.
ಬಿಳಿ ಹನಿ ಆಕಿ ಸೆರಗಿನ ಮ್ಯಾಲ ಬಿತ್ತು.
ಒರಸಾಕ ಹೋದೆ, ಇನ್ನಷ್ಟು ಹಬ್ಬಿತು.
"ಇರ್ಲಿ ಬಿಡು," ಅಂದ್ಲು, "ಗುರ್ತು ಇರತೈತಿ."
ಆಟೋದಾವ ಇಪ್ಪತ್ತು ಕಡಿಮಿ ಮಾಡಲಿಲ್ಲ. ಆದ್ರೂ ಹತ್ತಿ ಹೋದ್ರು.

ತಗಡಿನ ಬುಡದಾಗ ಒಂದು ಗೇಣು ನೀಲಿ ಉಳದಿತ್ತು.
ಬಣ್ಣಾನೂ ಉಳದಿತ್ತು.
ಒಂದು ಬಾಣ ಬರದೆ. ಬಾಣ ಅಷ್ಟ.
ಹೆಸರಿಲ್ಲ, ಕಿ.ಮೀ. ಇಲ್ಲ.

ಈಗ ಬಸ್ಸಿಂದ ಇಳದ ಮಂದಿ ಬೋರ್ಡು ಓದಿ ಮುಗಿಸಿ
ಗಂಟು ಕೆಳಗಿಟ್ಟು ಆ ಕಡೆ ಹೊಳ್ಳಿ ನೋಡ್ತಾರ.
ಅಲ್ಲೇನೈತಿ?
ಫಕ್ಕೀರವ್ವನ ಚಹಾದ ಗಾಡಿ, ಒಂದು ಟ್ರಾನ್ಸ್‌ಫಾರ್ಮರ್,
ಎರಡು ಲಾಡ್ಜಿನ ನಡುವ ಸಂದಿ.
ಮುಂಜಾನಿ ಧೂಳು ಏಳೂಕಿಂತ ಮೊದಲ ನೋಡಿದ್ರ
ಸಂದ್ಯಾಗ ಬೆರಳಷ್ಟು ಗುಡ್ಡ ಕಾಣತೈತಿ,
ಯಾರೋ ಒಗದ ಲುಂಗಿ ಒಣಾಕ ಹಾಕದಿದ್ರ.

"ನನ್ನ ಗಾಡೀಗೆ ಬಾಣಾ ಹೊಡದೀಯಲ್ಲ" ಅಂತ ಫಕ್ಕೀರವ್ವ ನಗ್ತಾಳ.
ಚಹಾದ ರೊಕ್ಕ ಮಾತ್ರ ಬಿಡಂಗಿಲ್ಲ.

ಮೂರು ತಿಂಗಳಿಗಿ ಬಿಲ್ಲು ಪಾಸಾತು.
ಕೆಳಗ ಕೆಂಪು ಶಾಯಿಲೆ ಒಂದು ಸಾಲು, ಅಕ್ಷರ ಭಾಳ ಚಂದ ಇದ್ದುವು:
ಆದೇಶದಲ್ಲಿ ಇಲ್ಲದ ಬಾಣ ಒಂದು.
ಕಡಿತ ರೂಪಾಯಿ ನಲವತ್ತು ಮಾತ್ರ.